ಐವತ್ತೊಂಬತ್ತನೆಯ ಕೊಳವೆ

ಐವತ್ತೊಂಬತ್ತನೆಯ ಕೊಳವೆಯಿಂದ ಹತ್ತು ಸೆಕೆಂಡಿನಲ್ಲಿ ಬಂದ ನೀರು ಅಳತೆಯ ಜಾಡಿಯಲ್ಲಿ ಅರ್ಧಕ್ಕೂ ಏರಲಿಲ್ಲ. ಅವನು ಜಾಡಿ ಚೆಲ್ಲಿ ಇನ್ನೊಮ್ಮೆ ಹಿಡಿದ. ಮತ್ತೆ ಅಷ್ಟೇ. ಮೂರನೆಯ ಸಲವೂ ಅಷ್ಟೇ ಬಂದಾಗ ಅವನಿಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಎಂಜಿನ್ ಅವನ ಭಾಮೈದನದು. ಬೇರೆ ರಾಕೆಟ್ಟುಗಳಲ್ಲಿ ಬೆಂಕಿ ಗಂಟೆಯಂಥ ಬಾಯಿಯೊಳಗಿಂದ ಬಂದರೆ, ಈ ಏರೋಸ್ಪೈಕಿನಲ್ಲಿ ಅದು ಲೋಹದ ಮೊನೆಯೊಂದರ ಹೊರಮೈ ಸವರಿಕೊಂಡು ಹೋಗುತ್ತದೆ. ಮೊನೆ ಕರಗಬಾರದೆಂದು ಅದರ ಗೋಡೆಯೊಳಗೆ ತೊಂಬತ್ತಾರು ಸಣ್ಣ ಕೊಳವೆಗಳು. ತಣ್ಣನೆಯ ಇಂಧನ ಅವುಗಳಲ್ಲಿ ಹರಿಯುತ್ತಿರಬೇಕು. ಬಾಹ್ಯಾಕಾಶಕ್ಕೆ ಹೋಗಿ ರನ್‌ವೇಗೇ ಮರಳುವ ವಿಮಾನಕ್ಕೆ ಇದೇ ಎಂಜಿನ್ ಎಂದು ತೀರ್ಮಾನವಾಗಿತ್ತು. ಪೈಲಟ್ ಇಲ್ಲದ ಚಿಕ್ಕ ವಿಮಾನವೊಂದು ಮುಂದಿನ ವಾರ ಇದನ್ನು ಹೊತ್ತು ಮೊದಲ ಸಲ ಹಾರಬೇಕಿತ್ತು.

ಅವನು ಹದಿನಾಲ್ಕು ವರ್ಷ ಜೀವ ತೇದು ಮಾಡಿದ ಗಂಟೆಯಾಕಾರದ ಎಂಜಿನ್ ಈಗ ಕಚೇರಿಯ ಬಾಗಿಲ ಬಳಿ ನಿಂತಿತ್ತು. ಬಂದವರು ಅದಕ್ಕೆ ಛತ್ರಿ ಒರಗಿಸಿ ಒಳಗೆ ಹೋಗುತ್ತಿದ್ದರು. ಸ್ಪ್ಯಾನರ್ ಹಿಡಿಯುವುದನ್ನು ತಾನೇ ಕೈಹಿಡಿದು ಕಲಿಸಿದ ಭಾಮೈದನ ಎಂಜಿನ್ನಿಗೆ ತಪಾಸಣೆಗಾರನಾಗಿ ಹೋಗೆಂದು ಆದೇಶ ಬಂದಾಗ, ಮೇಲಿನವರು ಬೇಕೆಂದೇ ಗಾಯಕ್ಕೆ ಉಪ್ಪು ಸವರಿದ್ದಾರೆ ಎಂದುಕೊಂಡಿದ್ದ. ಮನೆಯಲ್ಲಾದರೂ ನೆಮ್ಮದಿಯೇ? ಪತ್ರಿಕೆಯಲ್ಲಿ ಬಂದ ತಮ್ಮನ ಫೋಟೋವನ್ನು ಹೆಂಡತಿ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಹಾಲು ತೆಗೆಯಬೇಕಾದಾಗಲೆಲ್ಲ ಆ ನಗುಮುಖ ನೋಡಲೇಬೇಕು.

ನಿಯಮದ ಪ್ರಕಾರ ಮೂರಕ್ಕೊಂದು ಕೊಳವೆಗೆ ನೀರು ಬಿಟ್ಟು ನೋಡಿ ಸಹಿ ಹಾಕಿದರೆ ಮುಗಿಯಿತು. ಅವನು ಒಂದನ್ನೂ ಬಿಡದೆ ನೋಡಿದ್ದ. ಶ್ರದ್ಧೆಯಿಂದಲ್ಲ, ಏನಾದರೊಂದು ಸಿಗಲಿ ಎಂದು. ಸಿಕ್ಕಿತು. ಭಾಮೈದನನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಹೇಳಲಿಲ್ಲ. ಮಧ್ಯಾಹ್ನದ ಸಭೆ ತುಂಬಲಿ ಎಂದು ಕಾದ.

ಸಭೆಯಲ್ಲಿ ಯೋಜನೆಯ ಮುಖ್ಯಸ್ಥೆಯ ಮುಂದೆ ಎರಡು ಜಾಡಿ ಇಟ್ಟ.

"ಇದು ಐವತ್ತೆಂಟನೇದು, ಇದು ಐವತ್ತೊಂಬತ್ತು. ಒಳಗೆ ಲೋಹದ ಪುಡಿ ಕಟ್ಕೊಂಡಿದೆ. ಹೀಗೇ ಹಾರಿಸಿದ್ರೆ ಇಪ್ಪತ್ತು ಸೆಕೆಂಡಲ್ಲಿ ಮೊನೆ ಕರಗಿಹೋಗುತ್ತೆ."

ಭಾಮೈದನ ಮುಖ ಬಿಳಿಚಿಕೊಂಡಿತು. ಅದನ್ನು ಅವನು ಕಣ್ತುಂಬ ನೋಡಿದ. ಮುಖ್ಯಸ್ಥೆ ಕನ್ನಡಕ ತೆಗೆದರು.

"ಮೂರಕ್ಕೊಂದು ನೋಡಿದ್ರೆ ಸಾಕಿತ್ತಲ್ರೀ. ನೀವ್ಯಾಕೆ ಎಲ್ಲಾನೂ ನೋಡಿದ್ರಿ?"

ಏನೇನೋ ಪ್ರಶ್ನೆಗಳಿಗೆ ಉತ್ತರ ಸಿದ್ಧಮಾಡಿಕೊಂಡು ಬಂದಿದ್ದ. ಇದೊಂದಕ್ಕೆ ಇರಲಿಲ್ಲ. ಬಾಯಿಗೆ ಬಂದದ್ದು ಬಂದುಬಿಟ್ಟಿತು.

"ಹೊಟ್ಟೆಕಿಚ್ಚಿಗೆ, ಮೇಡಂ."

ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಮುಖ್ಯಸ್ಥೆಯಂತೂ ಕಣ್ಣೊರೆಸಿಕೊಂಡು, "ಇಂಥ ಹೊಟ್ಟೆಕಿಚ್ಚು ನಮ್ಮೋರಿಗೆಲ್ಲ ಬರ್ಲಿ" ಎಂದರು. ನಗದೆ ಇದ್ದವನು ಭಾಮೈದ ಒಬ್ಬನೇ.

ಸಭೆ ಮುಗಿದ ಮೇಲೆ ಭಾಮೈದ ಕಾರಿಡಾರಿನಲ್ಲಿ ಅವನ ಹಿಂದೆಯೇ ಬಂದ.

"ಭಾವ, ನೀವು ತಮಾಷೆಗೆ ಹೇಳಿದ್ದಲ್ಲ."

"ಅಲ್ಲ. ಏನೀಗ?"

"ಏನಿಲ್ಲ. ಗೊತ್ತಿತ್ತು ನಂಗೆ. ಅದಕ್ಕೇ ತಪಾಸಣೆಗೆ ನೀವೇ ಬೇಕು ಅಂತ ಹಟ ಹಿಡಿದು ಹಾಕಿಸ್ಕೊಂಡಿದ್ದು." ಭಾಮೈದ ದನಿ ತಗ್ಗಿಸಿದ. "ಒಳಗಿದ್ರಲ್ಲ, ಅಷ್ಟೂ ಜನಕ್ಕೆ ನಾನಂದ್ರೆ ಇಷ್ಟ. ಮೂರಕ್ಕೊಂದು ನೋಡಿ ಸಹಿ ಹಾಕ್ತಾರೆ. ನನ್ನ ತಪ್ಪು ಹುಡುಕೋಕೆ ಊಟ ನಿದ್ದೆ ಬಿಡೋರು ನೀವೊಬ್ಬರೇ."

ವ್ಯಂಗ್ಯವಿದ್ದಿದ್ದರೆ ಕೆನ್ನೆಗೆ ಬಾರಿಸಬಹುದಿತ್ತು. ಹುಡುಕಿದರೂ ಅದು ಸಿಗಲಿಲ್ಲ. ಎಂಜಿನ್ ಹೋಯಿತು, ಹೆಸರು ಹೋಯಿತು, ಹೊಟ್ಟೆಕಿಚ್ಚೊಂದಾದರೂ ತನ್ನ ಸ್ವಂತದ್ದು ಎಂದುಕೊಂಡಿದ್ದ. ಅದನ್ನೂ ಈ ಆಸಾಮಿ ಕೆಲಸಕ್ಕೆ ಹಚ್ಚಿಬಿಟ್ಟಿದ್ದ.

ಹೊಸ ಮೊನೆ ಮಾಡಲು ಐದು ವಾರ ಹಿಡಿಯಿತು. ಅದರ ತೊಂಬತ್ತಾರನ್ನೂ ಅವನು ನೋಡಿದ, ಎರಡೆರಡು ಸಲ. ಏನೂ ಸಿಗಲಿಲ್ಲ. ಸಹಿ ಹಾಕಿದ.

ಹಾರಾಟದ ದಿನ ಎಂಜಿನ್ ಮಾಡಿದವರಿಗೆ ಕೆಲಸವಿಲ್ಲ. ಮನೆಯವರನ್ನು ಕರೆದುಕೊಂಡು ಕಚೇರಿಯ ತಾರಸಿಯ ಕಂಬಿ ಹಿಡಿದು ನಿಂತಿದ್ದರು. ಹೆಂಡತಿ ಅವನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು. "ರೀ, ಏನೂ ಆಗಲ್ಲ ತಾನೆ?" ಎಂದು ನಾಲ್ಕನೆಯ ಸಲ ಕೇಳಿದಳು. ವಿಮಾನ ಮಾಮೂಲಿ ಜೆಟ್ ಎಂಜಿನ್ನುಗಳ ಬಲದಿಂದ ಮೇಲೇರಿ ಚುಕ್ಕೆಯಾಯಿತು. ಆಮೇಲೆ ಅದರ ಹಿಂದೆ ನೀಲಿ ಗೆರೆಯೊಂದು ಹೊತ್ತಿಕೊಂಡಿತು.

ಅವನು ಮನಸ್ಸಿನಲ್ಲೇ ಎಣಿಸತೊಡಗಿದ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ತಾನೇ ಸಹಿ ಹಾಕಿದ ಎಂಜಿನ್, ಕೆಟ್ಟರೆ ತನ್ನ ಕುತ್ತಿಗೆಗೇ ಬರುವಂಥದ್ದು. ಆದರೂ ಅವನೊಳಗೊಬ್ಬ ಇನ್ನೂ ಕಾಯುತ್ತಲೇ ಇದ್ದ. ಇಪ್ಪತ್ತೈದು. ನಲವತ್ತು. ಗೆರೆ ನೆಟ್ಟಗೆ ಮುಂದೆ ಹೋಯಿತು. ಗುಡುಗು ತಡವಾಗಿ ತಲುಪಿತು. ಅದರಲ್ಲೂ ಒಂದೇ ಒಂದು ಅಪಸ್ವರ ಇರಲಿಲ್ಲ.

ತಾರಸಿ ತುಂಬ ಚಪ್ಪಾಳೆ ಎದ್ದಿತು. ಹೆಂಡತಿ ಅಳುತ್ತಾ ನಗುತ್ತಾ ತಮ್ಮನ ಹೆಸರು ಕೂಗಿದಳು. ತಮ್ಮ ಎಲ್ಲಿ ಎಂದು ಅವನೂ ತಿರುಗಿದ.

ಭಾಮೈದ ಎರಡು ಮಾರು ದೂರದಲ್ಲಿ, ಆಕಾಶಕ್ಕೆ ಬೆನ್ನುಮಾಡಿ, ಕಂಬಿಗೊರಗಿ ನಿಂತಿದ್ದ. ಅಷ್ಟು ಹೊತ್ತೂ ಅವನು, ಮೀಟರ್ ನೋಡುವವನಂತೆ, ನೋಡುತ್ತಿದ್ದದ್ದು ಭಾವನ ಮುಖವನ್ನು.