ತೊಟ್ಟಿಲ ಮುಂದಿನ ಶೇಂಗಾ

"ಮಧ್ಯಾಹ್ನ ಬಡಿಗ ಬರತಾನ. ಕಟಿಗಿ ಕೊಯ್ದ ಮ್ಯಾಲೆ ಏನೂ ಬದಲ ಮಾಡಾಕ ಆಗಂಗಿಲ್ಲ. ಈಗ ನೋಡ್ರಿ" ಎನ್ನುತ್ತ ಗುರುಬಸವ ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಸರಳುಗಳ ತೊಟ್ಟಿಲು ಬರೆದ. ಹೆಂಡತಿ ಕೂಸಿನೊಂದಿಗೆ ತವರಿನಿಂದ ಬರುವಷ್ಟರಲ್ಲಿ ಅದು ಸಿದ್ಧವಾಗಬೇಕಿತ್ತು. ಕೋಠಿ ಬಜಾರಿನಿಂದ ತಂದ ಸಣ್ಣ ಮೋಟಾರನ್ನು ಚಿತ್ರದ ಪಕ್ಕದಲ್ಲಿಟ್ಟ. "ಕೂಸು ಅತ್ರ ಸಾಕು, ತಾನ ತೂಗತೈತಿ."

"ಕಾಲ ಹೆಬ್ಬೆರಳಿಗೆ ಹಗ್ಗ ಕಟಗೊಂಡು ನಿನ್ನ ತೂಗೀನಿ, ರೊಟ್ಟಿನೂ ಬಡದೀನಿ. ಆವಾಗ ನಾನ ಮೋಟಾರು" ಎಂದು ತಾಯಿ ಸಾವಿತ್ರಿ ನಕ್ಕಳು.

ತಂಗಿ ಗುಣವತಿ ಬಾಗಿಲಿಗೆ ಒರಗಿ ಚಿತ್ರವನ್ನೇ ನೋಡುತ್ತಿದ್ದಳು. ನೆರೆಮನೆಯ ಕೂಸನ್ನು ದಿನವೂ ತೂಗುವವಳು ಅವಳೇ. ಮಗ್ಗುಲಾದಾಗ ಅದರ ಕಾಲು ಸರಳುಗಳ ನಡುವೆ ತೂರಿದರೆ ಅವಳ ಕೈ ತಾನಾಗಿ ನಿಲ್ಲುತ್ತಿತ್ತು.

"ಆದರ, ಅಣ್ಣಾ..."

"ಸುಮ್ಮನಿರು. ತೊಟ್ಟಲ ಕಟ್ಟೂ ಮೊದಲ ಅಪಶಕುನ ನುಡಿಬಾರದು" ಎಂದು ತಾಯಿ ಗದರಿದಳು.

ಅಪ್ಪನಿದ್ದಾಗಲೂ ಅವಳು ಹೀಗೇ ಗದರುತ್ತಿದ್ದಳು. ಕೇಳುವವರು ಮಾತ್ರ ಯಾರೂ ಇರಲಿಲ್ಲ. ಅಪ್ಪ ಬಸವಲಿಂಗಪ್ಪನಿಗೆ ಹೈದರಾಬಾದಿನ ರಕ್ಷಣಾ ಕಾರ್ಖಾನೆಯಲ್ಲಿ ನೌಕರಿ. ಮನೆಗೆ ಕಪಾಟು ಮಾಡಿಸಲಿ, ಸಂಕ್ರಾಂತಿಗೆ ಗಾಳಿಪಟ ಕಟ್ಟಲಿ, ಮೊದಲು ಇದೇ ನೆಲದ ಮೇಲೆ ಬರೆದು, ನಡುವೆ ಶೇಂಗಾದ ತಾಟಿಟ್ಟು ಮಕ್ಕಳನ್ನು ಕೂರಿಸುತ್ತಿದ್ದ. "ಇದು ಹೆಂಗ ಕೆಡತೈತಿ, ಹೇಳ್ರಿ ನೋಡೂಣು." ಒಂದು ಕೇಡು ಹೇಳಿದರೆ ಒಂದು ಶೇಂಗಾ. "ಸುಣ್ಣದಾಗ ಕೆಟ್ರ ಅರಿವಿಲೆ ಒರಸಬಹುದು. ಕಟಿಗ್ಯಾಗ ಕೆಟ್ರ?" ಎನ್ನುತ್ತಿದ್ದ. ಜೋರಾಗಿ ಹೇಳಲು ನಾಚುತ್ತಿದ್ದ ಗುಣವತಿ ಅಪ್ಪನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು. ಅವಳ ಉಡಿ ತುಂಬುತ್ತಿತ್ತು, ಗುರುಬಸವ ಅದರಿಂದಲೇ ಕದಿಯುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಆ ಆಟವನ್ನು ಯಾರೂ ಆಡಿರಲಿಲ್ಲ.

ಗುಣವತಿ ಅಡುಗೆಮನೆಗೆ ಹೋಗಿ, ಹುರಿದ ಶೇಂಗಾಕಾಯಿಯನ್ನು ತಾಟಿಗೆ ಸುರಿದು ತಂದು ಚಿತ್ರದ ನಡುವೆ ಇಟ್ಟಳು. ಗುರುಬಸವನ ಕೈ ನಿಂತಿತು. ತಾಯಿ ಗೋಡೆಯ ಕಡೆ ಮುಖ ತಿರುಗಿಸಿದಳು.

"ಹೇಳವ್ವಾ" ಎಂದ ಅಣ್ಣ, ಮೆಲ್ಲಗೆ.

ಪಿಸುಗುಟ್ಟಲು ಈಗ ಅಪ್ಪನ ಕಿವಿಯಿರಲಿಲ್ಲ. "ಕೂಸಿನ ಕಾಲು ಸರಳಿನಾಗ ಸಿಕ್ಕರ ನನ್ನ ಕೈಗೆ ತಿಳೀತೈತಿ. ಮೋಟಾರಿಗೆ ತಿಳಿಯಂಗಿಲ್ಲ. ಅದು ತೂಗಕೋತನ ಇರತೈತಿ" ಎಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

"ಕೋಠಿ ಪೂರಾ ಅಲೆದು ತಂದೀನಲ್ಲೇ ಇದನ್ನ!" ಎಂದು ಗುರುಬಸವ ಗೊಣಗಿದ. ಆದರೂ ಒಂದು ಕಾಯಿ ಆರಿಸಿ ಅವಳ ಮುಂದಿಟ್ಟು, ಅಂಗೈಯಿಂದ ಸರಳುಗಳನ್ನೆಲ್ಲ ಒರೆಸಿ, ಆ ಜಾಗದಲ್ಲಿ ಸಂದಿಲ್ಲದ ಹಲಗೆ ಬರೆದ.

ಕೆಳಗೆ ರಸ್ತೆಯಲ್ಲಿ ಆಟೋದವನೊಬ್ಬ ಯಾರನ್ನೋ ತೆಲುಗಿನಲ್ಲಿ ಬೈಯುತ್ತಿದ್ದ.

"ತೊಟ್ಟಲ ಕಟ್ಟೂ ಮ್ಯಾಲಿನ ಕೊಂಡಿ" ಎಂದಳು ಸಾವಿತ್ರಿ, ಗೋಡೆ ನೋಡುತ್ತಲೇ. "ನಿಮ್ಮಪ್ಪ ಹಾಕಿದ್ದು. ಭಾಳ ವರ್ಷ ಆತು. ಸವದಿದ್ರ?"

ಯಾರಾದರೂ ಕೊಡಲೆಂದು ಕಾಯದೆ, ಕೈ ಚಾಚಿ ತಾಟಿನಿಂದ ಒಂದು ಶೇಂಗಾ ತೆಗೆದುಕೊಂಡಳು. ಸುಲಿಯಲಿಲ್ಲ. ಮುಷ್ಟಿಯಲ್ಲೇ ಹಿಡಿದುಕೊಂಡು ಕೂತಳು.