ಬಲಗಡೆ ಕಡಲು

ಎಡಗೆನ್ನೆ ಸುಡುತ್ತಿದೆ, ಗಾಜು ಏರಿಸಿದರೂ ಸುಡುತ್ತಿದೆ, ಸುಡಲಿ, ಕೆನ್ನೆ ತಾನೇ, ಅದರ ಕಡೆ ಗಮನ ಹೋದರೆ ರಸ್ತೆ ತಪ್ಪುತ್ತದೆ ಎಂದುಕೊಂಡಳು ರಂಜನಾ, ರಸ್ತೆಯಾದರೂ ಎಂಥದು, ಜಲ್ಲಿ ಹರಡಿ ಬಿಟ್ಟ ಕಚ್ಚಾ ದಾರಿ, ಒಮಾನಿನ ಈ ಕರಾವಳಿಗೆ ಮುಂದೆ ದೊಡ್ಡ ಹೆದ್ದಾರಿ ಬರುತ್ತದಂತೆ, ಬರಲಿ, ಈಗ ಬೇಕಾದದ್ದು ಅದಲ್ಲ, ಕತ್ತಲಾಗುವುದರೊಳಗೆ ಸೂರ್ ಎಂಬ ಊರು, ಅಲ್ಲಿಯ ಆಸ್ಪತ್ರೆ, ವಿಷಕ್ಕೆ ಇಂಜೆಕ್ಷನ್ನು — ಹಿಂದಿನ ಸೀಟಿನಲ್ಲಿ ಕುಸುಮಾ ಕಾಲು ಚಾಚಿ ಮಲಗಿದ್ದಾಳೆ, ಆ ಕಾಲು ಈಗ ಅವಳ ಕಾಲಿನ ಹಾಗಿಲ್ಲ, ಹಿಮ್ಮಡಿಯ ಮೇಲೆ ಎರಡು ಚುಕ್ಕೆ, ಅಲ್ಲಿಂದ ಮೇಲಕ್ಕೆ ನೀರು ತುಂಬಿದಂತೆ ಬಾವು, ನರ್ಸು ಅವಳೇ, ಮಸ್ಕತ್ತಿನಲ್ಲಿ ದಿನಾ ಬೇರೆಯವರ ಕಾಲು ನೋಡುವವಳು, ಕಣಿವೆಯ ನೀರಲ್ಲಿ ಆಡಿ ಬರಿಗಾಲಲ್ಲಿ ಎದ್ದು ಬಂದು ಕಲ್ಲಿನ ಸಂದಿಯಲ್ಲಿ ಚಪ್ಪಲಿ ಹುಡುಕಿದಳು, ಅಷ್ಟೇ, ಕೂಗಲೂ ಇಲ್ಲ, ಕೂತು ಕಾಲು ನೋಡಿಕೊಂಡು ಹೇಳಿದಳು, ರಂಜೂ, ಹಾವೇ, ಕಟ್ಟಬೇಡ, ಕೊಯ್ಯಬೇಡ, ಬಾಯಲ್ಲಿ ಹೀರ್ತೆ ಅಂತ ಸಿನೆಮಾ ಮಾಡ್ಬೇಡ, ಕಾರು ತೆಗಿ. ನಾನಾ? ಮತ್ಯಾರು, ಆ ಆಡಾ? ಆಡು ನಿಜಕ್ಕೂ ಇತ್ತು, ಬಂಡೆಯ ಮೇಲೆ ನಿಂತು ಇಬ್ಬರನ್ನೂ ನೋಡುತ್ತಿತ್ತು, ಮೊಬೈಲು ಮೇಲೆತ್ತಿ ಹಿಡಿದರೆ ಒಂದು ಕಡ್ಡಿಯೂ ಇಲ್ಲ. ಸೂರ್ ಇಲ್ಲಿಂದ ದಕ್ಷಿಣಕ್ಕೆ, ದೂರ ಇಲ್ಲ, ಕಡಲ ಬದಿಗೇ ಹೋಗು, ನಾ ಮಾತಾಡದೆ ಬಿದ್ರೆ ಹೆಸರು ಕರಿ, ಹೂಂ ಅನ್ತೆ, ಅನ್ಲಿಲ್ಲ ಅಂದ್ರೆ ಕಾರು ಇನ್ನೂ ಜೋರಾಗಿ ಹೊಡಿ.

ಕುಸುಮಾ. ಹೂಂ. ಸ್ಟೇರಿಂಗು ಎಡಕ್ಕೆ, ಗೇರು ಬಲಗೈಗೆ, ಎಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ, ಮೂರನೇ ಗೇರು ಹಾಕಲು ಹೋದರೆ ಎಡಗೈ ಬಾಗಿಲಿಗೆ ಬಡಿಯುತ್ತದೆ, ಆದರೂ ಕಾರು ಹೋಗುತ್ತಿದೆಯಲ್ಲ, ಕಾಲಿಗೆ ನೆನಪಿದೆ, ಮನಸ್ಸಿಗಿಂತ ಕಾಲು ವಾಸಿ, ಗಂಡ ಸಾತ್ವಿಕ ಹೋದ ಮೇಲೆ ಕಾರು ಮುಟ್ಟಿರಲಿಲ್ಲ, ಕದ್ವಾಡದ ದಾರಿಯಲ್ಲಿ ಅವನು ತನ್ನ ಹಳೆಯ ಮಾರುತಿಯಲ್ಲಿ ಕಲಿಸಿದ್ದು, ಎಂತಕೆ ಗಡಿಬಿಡಿ ಮಾಡ್ತೆ, ಕ್ಲಚ್ಚು ಅಂದ್ರೆ ಕಾವಲಿಂದ ತೆಳ್ಳೇವು ದೋಸೆ ಎಬ್ಬಿಸಿದಂಗೆ, ಮೆಲ್ಲಗೆ, ಹರೀತು ನೋಡು, ಕಾರು ಜಿಗಿದು ನಿಂತು ಅವನ ಹಣೆ ಗಾಜಿಗೆ ತಾಗಿ ಇಬ್ಬರೂ ನಕ್ಕದ್ದು, ಕಾರವಾರದ ಕಡೆ ಬಂದು ಕಡಲು ಎದುರು ಕಂಡ ಕೂಡಲೇ ಎಡಕ್ಕೆ ತಿರುಗ್ಸು, ಆಮೇಲೆ ಕಡಲನ್ನ ಬಲಗಡೆ ಇಟ್ಕಂಡು ಹೋಗ್ತಾ ಇರು, ಕಣ್ಣು ಮುಚ್ಚಿದ್ರೂ ಅಂಕೋಲೆ ಬತ್ತು — ಹಾಗೇ ಮಾಡಿದಳು ಈಗಲೂ, ಕಣಿವೆಯ ಬಾಯಿಯಿಂದ ಹೊರಗೆ ಬಂದಾಗ ಎದುರಿಗೆ ಕಡಲು, ಯೋಚಿಸಲಿಲ್ಲ, ಕೈ ತಾನೇ ಎಡಕ್ಕೆ ತಿರುಗಿಸಿತು, ಹಿಂದಿನಿಂದ ಜ್ವರದ ದನಿಯಲ್ಲಿ ಕುಸುಮಾ ಕೇಳಿದಳು, ಕಡಲು ಕಾಣ್ತದಾ? ಕಾಣ್ತದೆ. ಯಾವ ಬದಿಗೆ? ಬಲಗಡೆ. ಹಂಗಾರೆ ಸರಿ, ಊರ ಬದಿಗೇ ಹೊಂಟಿದ್ವಿ, ಹೋಗು. ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಶಾಲೆಯ ಚೀಲ ಹೊತ್ತು ಓಡಿ ಬಂದು ಡ್ರೈವರನ ಹಿಂದಿನ ಕಿಟಕಿ ಹಿಡಿಯುತ್ತಿದ್ದವಳು ಅವಳು, ಇದು ನಂದು, ಕಡಲ ಬದಿ ನಂದು, ನೀ ಭಟ್ಟರ ಮಗಳು ಗುಡ್ಡ ನೋಡು.

ಕುಸುಮಾ. ಹೂಂ. ನೀರು ಬೇಕಾ? ಬ್ಯಾಡ, ವಾಂತಿ ಬತ್ತದೆ. ಕನ್ನಡಿಯಲ್ಲಿ ಅವಳ ಹಲ್ಲಿನ ಸಂದಿ ಕೆಂಪಗಿದೆ, ಎಲೆಯಡಿಕೆ ತಿಂದ ಹಾಗೆ, ಎಲೆ ಅಲ್ಲ ಅದು, ನೋಡಬೇಡ, ರಸ್ತೆ ನೋಡು, ಯಾಕೆ ಬಂದೆ ನಾನು ಇಲ್ಲಿಗೆ, ಕಡಲಾಮೆ ಮೊಟ್ಟೆ ಇಡುವುದನ್ನು ನೋಡಲು, ಊರಿನ ದಂಡೆಯಲ್ಲಿ ಒಂದು ದಿನ ಆಮೆ ನೋಡದೋಳು ಇಲ್ಲಿ ವೀಸಾ ತಕ್ಕಂಡು ಬಂದಾಳೆ ಎಂದು ನಿನ್ನೆ ಇಡೀ ದಿನ ಕುಸುಮಾ ಗೇಲಿ ಮಾಡಿದ್ದಳು, ಅತ್ತೆ ವಸುಮತಿ ಮಾತ್ರ ಗೇಲಿ ಮಾಡಲಿಲ್ಲ, ಹೋಗಿ ಬಾ ತಂಗೀ, ನೀ ಇಲ್ಲಿ ಗ್ವಾಡೆ ನೋಡ್ತಾ ಕೂತ್ರೆ ಅಂವ ತಿರುಗಿ ಬತ್ನಾ ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು, ನನಗೆ ಅಳು ಬರಲಿಲ್ಲ, ಎರಡು ವರ್ಷದಿಂದ ಬಂದಿಲ್ಲ, ಮೈಯೆಲ್ಲ ಹಲ್ಲಿನ ಡಾಕ್ಟರು ಜೋಮು ಹಿಡಿಸಿದ ದವಡೆಯ ಹಾಗೆ, ಚುಚ್ಚಿದರೆ ಚುಚ್ಚಿದ್ದು ಗೊತ್ತಾಗುತ್ತದೆ, ನೋಯುವುದಿಲ್ಲ, ಈಗ ಈ ಎಡಗೆನ್ನೆ ಮಾತ್ರ — ಯಾಕೆ ಎಡಗೆನ್ನೆ — ಬಿಣಗಾ ಘಟ್ಟ ಇಳಿದು ಅರ್ಗಾ ಬಂದರೆ ಸಂಜೆ ಬಿಸಿಲು ಬಲಗೆನ್ನೆಗೆ, ಸಾತ್ವಿಕನ ಬೈಕಿನ ಹಿಂದೆ ಕೂತಾಗಲೆಲ್ಲ ಬಲಗೆನ್ನೆಗೆ ಸೆರಗು ಮರೆ ಮಾಡುತ್ತಿದ್ದಳು, ನೌಕಾನೆಲೆಯ ಕಂಪೌಂಡು, ಅದರಾಚೆ ಕಡಲು, ಅದರ ಮೇಲೆ ಇಳಿಯುವ ಸೂರ್ಯ, ಎಲ್ಲ ಬಲಗಡೆ, ಅವನು ಸತ್ತ ದಿನ ಅವಳು ಹಿಂದೆ ಇರಲಿಲ್ಲ, ಅವನೊಬ್ಬನೇ ಕಾರವಾರದಿಂದ ಮರಳುತ್ತಿದ್ದ, ಎದುರಿನಿಂದ ತಿರುವಿನಲ್ಲಿ ಅದಿರಿನ ಲಾರಿ, ಕೋರ್ಟಿನಲ್ಲಿ ಆ ಡ್ರೈವರ ಕೈಕಟ್ಟಿ ನಿಂತು ಹೇಳಿದ್ದು ಒಂದೇ ಮಾತು, ಹೊರಳಾಕ ಹೋದ್ನಿರಿ, ಸೂರ್ಯ ಕಣ್ಣಿಗೆ ಹೊಡದ, ಬೆಳ್ಳಗಾತ್ರಿ ಸಾಹೇಬ್ರ, ಏನೂ ಕಾಣಲಿಲ್ರಿ, ಸುಳ್ಳ, ಸುಳ್ಳ, ಯಾರೋ ವಕೀಲ ಬಾಯಿಪಾಠ ಮಾಡಿಸಿದ್ದು, ಒಬ್ಬ ಮನುಷ್ಯ ಕಾಣದಷ್ಟು ಬೆಳ್ಳಗಾಗುತ್ತದೆಯೇ, ಕುಂಕುಮ ಇಟ್ಟುಕೊಂಡು ಬಂದಿದ್ದ ಡ್ರೈವರನ ಹೆಂಡತಿ ಬಾಗಿಲ ಬಳಿ ನಿಂತಿದ್ದಳು, ಅವಳ ಮುಖ ನೋಡಲಿಲ್ಲ ರಂಜನಾ, ಬೆಳ್ಳಗಾತ್ರಿ, ಆ ಮಾತನ್ನು ಮನೆಗೆ ತಂದು ದಿನಾ ಅರೆದಳು, ಅನ್ನಕ್ಕೆ ಕೂತಾಗ, ಬಟ್ಟೆ ಹಿಂಡುವಾಗ, ಸುಳ್ಳ.

ಕುಸುಮಾ. ಕುಸುಮಾ! ...ಹೂಂ. ಬಲಗೆನ್ನೆ ತಣ್ಣಗಿದೆ. ಬಲಗಡೆ ಕಡಲು ಕಪ್ಪಾಗುತ್ತಿದೆ, ಅದರ ಮೇಲೆ ಸೂರ್ಯ ಇಲ್ಲ, ಕಡಲಿದೆ, ಸೂರ್ಯನಿಲ್ಲ, ಎಲ್ಲಿ ಹೋಯಿತು, ಸೂರ್ಯ ಎಡಗಡೆ, ಗುಡ್ಡದ ನೆತ್ತಿಯ ಮೇಲೆ, ಕಲ್ಲಿನೊಳಗೆ ಮುಳುಗಲು ಹೊರಟಿದೆ, ಸೂರ್ಯ ಗುಡ್ಡದಲ್ಲಿ ಮುಳುಗುವುದೆಂದರೇನು, ಹುಟ್ಟಿದಂದಿನಿಂದ ಅದು ಕಡಲಲ್ಲಿ ಮುಳುಗಿದ್ದನ್ನೇ ಕಂಡದ್ದು — ಇಲ್ಲಿ ಕಡಲು ಪೂರ್ವಕ್ಕೆ. ನಮ್ಮದೇ ಕಡಲು, ಅದರ ಆಚೆಯ ದಡ, ಬೆಳಿಗ್ಗೆ ಹೊರಟಾಗ ಸೂರ್ಯ ನೀರಿನಿಂದ ಏಳುವುದನ್ನು ಇಬ್ಬರೂ ಕಂಡು ಕೂಗಿದ್ದೆವಲ್ಲ, ಕಡಲು ಆಗ ಎಡಗಡೆ ಇತ್ತಲ್ಲ, ಬಲಗಡೆ ಇಟ್ಟುಕೊಂಡರೆ ಹೋಗುವುದು ಉತ್ತರಕ್ಕೆ, ಬಂದ ದಾರಿಗೇ, ಆಸ್ಪತ್ರೆಗೆ ಬೆನ್ನು ಹಾಕಿ, ಎಷ್ಟು ಹೊತ್ತಿನಿಂದ, ದೇವರೇ ಎಷ್ಟು ಹೊತ್ತಿನಿಂದ, ಕಣ್ಣು ಮುಚ್ಚಿದರೂ ಅಂಕೋಲೆ ಬರುತ್ತದೆ ಅಂದನಲ್ಲ, ಕಣ್ಣು ಮುಚ್ಚಿಯೇ ಓಡಿಸಿದೆ, ಇವಳೂ ಸರಿ ಅಂದಳು, ಇಬ್ಬರೂ ಸೇರಿ ಇಲ್ಲದ ಊರಿಗೆ — ಕುಸುಮಾ, ತಪ್ಪಿತು ಕಣೇ, ಕಡಲು ಆ ಬದಿಗೆ ಬೇಕಿತ್ತು. ಸೀಟಿನ ಆಳದಿಂದ, ಹಾಳಾದೋಳೇ, ತಿರುಗ್ಸು, ಮೊದಲು ತಿರುಗ್ಸು, ಆಮೇಲೆ ಅಳು. ನಾನು ಅಳ್ತಿಲ್ಲ. ಅಳ್ತೆ, ಕೇಳ್ತದೆ.

ಬಲಕ್ಕೆ ಇಳಿಜಾರು, ಕೆಳಗೆ ನೀರು, ತಿರುಗಿಸುವುದಾದರೆ ಗುಡ್ಡದ ಬದಿಗೇ, ಸ್ಟೇರಿಂಗನ್ನು ಎಡಕ್ಕೆ ಎಳೆದಳು, ಎಡಕ್ಕೆ, ಇನ್ನೂ ಎಡಕ್ಕೆ, ಜಲ್ಲಿ ಚಕ್ರದಡಿ ಹಾರಿತು, ಗುಡ್ಡದ ಸಂದಿ ನೇರ ಎದುರಿಗೆ ಬಂತು, ಸಂದಿಯಲ್ಲಿ ಸೂರ್ಯ — ದಾರಿ ಹೋಯಿತು, ಗುಡ್ಡ ಹೋಯಿತು, ಕಾರಿನ ಮೂತಿ ಹೋಯಿತು, ತನ್ನ ಕೈ ಕಾಣಲಿಲ್ಲ, ಕಣ್ಣು ತೆರೆದೇ ಇದೆ, ತೆರೆದ ಕಣ್ಣಿನೊಳಗೆ ಬಿಳಿ, ಅದರಲ್ಲಿ ಆಡು ಇರಬಹುದು, ಬಂಡೆ ಇರಬಹುದು, ಬೈಕಿನ ಮೇಲೆ ಮನೆಗೆ ಮರಳುತ್ತಿರುವ ಯಾರೋ ಇರಬಹುದು, ಕಾಲು ಬ್ರೇಕನ್ನು ಒತ್ತಿತು, ಕಾರು ಅಡ್ಡಕ್ಕೆ ಜಾರಿ ನಿಂತಿತು. ಎಂತಾ ಆತು, ನಿಲ್ಸಿದ್ದೆಂತಕೆ? ಏನೂ ಕಾಣಲಿಲ್ಲ, ಎಂದಳು ರಂಜನಾ, ಬೆಳ್ಳಗಾಯಿತು, ಏನೂ ಕಾಣಲಿಲ್ಲ, ಹೇಳಿದ ಮಾತು ತನ್ನದೇ ಕಿವಿಗೆ ಬಿದ್ದು ಬಾಯಿ ಹಾಗೇ ತೆರೆದು ನಿಂತಿತು, ಕೈಕಟ್ಟಿ ನಿಂತವನ ಗಡ್ಡ, ಅವನ ಒಣ ತುಟಿ, ಬಾಗಿಲ ಬಳಿಯ ಕುಂಕುಮ — ಹೊಡಿಯೇ ಮಾರಾಯ್ತಿ, ಸತ್ತೆ ನಾ — ಹೊಡೆದಳು, ಮೆಲ್ಲಗೆ ಕ್ಲಚ್ಚು, ಕಾವಲಿಂದ ಎಬ್ಬಿಸಿದಂಗೆ, ಈಗ ಬಿಸಿಲು ಬಲಗೆನ್ನೆಗೆ, ಕಡಲು ಎಡಗಡೆ, ಕೆನ್ನೆ ಸುಡುವವರೆಗೆ ದಾರಿ ಸರಿ, ಕೆನ್ನೆ ತಣ್ಣಗಾಯಿತು, ಕತ್ತಲಾಯಿತು, ಕಣಿವೆಯ ಬಾಯಿ ಹಿಂದೆ ಸರಿಯಿತು, ಹೆಡ್‌ಲೈಟಿನಲ್ಲಿ ಜಲ್ಲಿ ಮುಗಿದು ಡಾಂಬರು ಬಂತು, ದೂರ ನೀರಿನಂಚಿಗೆ ಊರಿನ ದೀಪ, ಕುಸುಮಾ, ದೀಪ ಕಾಣ್ತಿದೆ, ಕುಸುಮಾ, ಕುಸುಮಾ — ಬಹಳ ಹೊತ್ತಿನ ಮೇಲೆ, ನೂಲಿನಷ್ಟು ಸಣ್ಣಗೆ, ಹೂಂ — ದೀಪಗಳು ಹತ್ತಿರ ಬರುತ್ತಿವೆ, ಅವುಗಳ ಮುಂದೆ, ಗಾಜಿನ ಮೇಲೆ, ರೆಪ್ಪೆಯ ಒಳಗೆ, ಎಷ್ಟು ಮಿಟುಕಿಸಿದರೂ ಹೋಗದ ಆ ಬಿಳಿ, ಅರ್ಗಾದ ತಿರುವು, ಬಿಳಿ, ಅದರೊಳಗೆ ಎಲ್ಲೋ ಸಾತ್ವಿಕ, ಕಾಣದೆ, ಬಿಳಿ