ತಾಯಿ ಕಡೆಯ ಕಾಲಂ

ಕಾಯಿಲೆಗೆಲ್ಲ ಹೆದರುವವಳಲ್ಲ ನಾನು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತೇನೆ. ಶುದ್ಧ ಸುಳ್ಳು. ಏಳು ವರ್ಷ ನನ್ನ ಕಣ್ಣೆದುರೇ ಅಮ್ಮ ಒಂದೊಂದಾಗಿ ಎಲ್ಲವನ್ನೂ ಮರೆತಳು. ಮೊದಲು ಹಿಂದಿ ಹೋಯಿತು, ಆಮೇಲೆ ಒಲೆ ಆರಿಸುವುದು, ಆಮೇಲೆ ನನ್ನ ಹೆಸರು. ಕೊನೆಗೆ ಬಾಯಿಗಿಟ್ಟ ತುತ್ತು ನುಂಗುವುದನ್ನೂ ಮರೆತಳು, ಕಳೆದ ವರ್ಷ ತೀರಿಕೊಂಡಳು. ಅವಳ ಅಮ್ಮನಿಗೂ ಹೀಗೇ ಆಗಿತ್ತಂತೆ. ನನಗೀಗ ನಲವತ್ತೆಂಟು.

ಕಳೆದ ತಿಂಗಳು ದಿಲ್ಲಿಯ ಪೀತಮ್‌ಪುರದ ನಮ್ಮ ಮನೆಯಲ್ಲಿ ಕನ್ನಡಕವನ್ನು ಫ್ರಿಜ್ಜಿನಲ್ಲಿಟ್ಟು ಅರ್ಧ ದಿನ ಹುಡುಕಿದೆ. ಸಿಕ್ಕಾಗ ಹೆದರಿಬಿಟ್ಟೆ. ಅಮ್ಮನಿಗೂ ಹೀಗೇ ಶುರುವಾಗಿತ್ತು. ಆದರೆ ನಿಜ ಹೇಳಬೇಕಲ್ಲ, ಭಯದ ಜೊತೆ ಇನ್ನೊಂದೂ ಇತ್ತು. ಅವಳ ಸೀರೆಗಳಲ್ಲಿ ಅವಳ ವಾಸನೆ ಹೋಗಿ ಆರು ತಿಂಗಳಾಗಿತ್ತು. ಹಾಳಾದ ಮರೆವಾದರೂ ಅವಳಿಂದ ನನಗೆ ಬಂತಲ್ಲ ಎಂದು ಒಂದು ಕ್ಷಣ ಹಿತವೆನಿಸಿತು. ಹುಚ್ಚು ಎನ್ನಿ ಬೇಕಾದರೆ.

"ಮಮ್ಮಿ, ಟೆಸ್ಟ್ ಕರಾ ಲೋ ನಾ. ಮಾಡಿಸ್ಕೊಂಡ್ಬಿಡು, ಸುಮ್ನೆ ಯಾಕೆ ಟೆನ್ಷನ್?" ಎಂದಳು ಮಗಳು ಪ್ರಕೃತಿ. ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಾಳೆ, ಎಲ್ಲದಕ್ಕೂ ಅವಳ ಹತ್ತಿರ ಒಂದು ಟೆಸ್ಟ್ ಇದೆ. ಅವಳಿಗೂ ಒಳಗೊಳಗೇ ಹೆದರಿಕೆ ಎಂದು ನನಗೆ ಗೊತ್ತಿತ್ತು. ನನ್ನಲ್ಲಿದ್ದರೆ ಅವಳಿಗೂ ಬರಬಹುದು.

ಡಾಕ್ಟರಮ್ಮ ಒಳ್ಳೆಯವರು, ನಿಧಾನವಾಗಿ ವಿವರಿಸಿದರು. ಮರೆವಿನ ಜೀನ್ ಇದ್ದರೆ ಅಪಾಯ ಹೆಚ್ಚು, ಆದರೆ ಬಂದೇ ತೀರುತ್ತದೆ ಎಂದೇನಿಲ್ಲ. ಇಲ್ಲದವರಿಗೂ ಬರಬಹುದು. ಬಿ.ಪಿ., ಸಕ್ಕರೆ, ಮಂದವಾಗುವ ಕಿವಿ, ಒಂಟಿತನ, ನಮ್ಮ ದಿಲ್ಲಿಯ ಹೊಗೆ, ಎಲ್ಲಕ್ಕೂ ಅದರಲ್ಲಿ ಪಾಲಿದೆಯಂತೆ. "ಸ್ವಲ್ಪ ಹುಟ್ಟಿನಿಂದ, ಸ್ವಲ್ಪ ಬದುಕಿನಿಂದ" ಎಂದು ಹಿಂದಿಯಲ್ಲಿ ಹೇಳಿ ಒಂದು ಫಾರಂ ಕೊಟ್ಟರು. ತಂದೆ ಕಡೆ, ತಾಯಿ ಕಡೆ, ಮೂರು ತಲೆಮಾರಿನಲ್ಲಿ ಯಾರಿಗೆ ಏನು ಕಾಯಿಲೆ ಇತ್ತು ಎಂದು ಬರೆದು ತರಬೇಕು. ರಕ್ತ ತೆಗೆಯುವುದು ಆಮೇಲೆ.

ಅಪ್ಪ ಹೋಗಿ ಹತ್ತು ವರ್ಷವಾಯಿತು, ಅಮ್ಮನ ತವರಿನವರು ಯಾರೂ ಉಳಿದಿಲ್ಲ. ಅವರನ್ನೆಲ್ಲ ಕಂಡವರೆಂದರೆ ಈಗ ವಿಮಲಾ ಚಿಕ್ಕಮ್ಮ ಒಬ್ಬರೇ. ಅಪ್ಪನ ತಮ್ಮನ ಹೆಂಡತಿ, ಅಮ್ಮನ ವಾರಗಿತ್ತಿ. ಎಪ್ಪತ್ತಾರು ವರ್ಷ. ಜನಕಪುರಿಯಲ್ಲಿ ಮಗ ಅನೀಶನ ಜೊತೆಗಿದ್ದಾರೆ. ತರಕಾರಿ ಭಯ್ಯಾ ಜೊತೆ ಒಂದು ಹಿಡಿ ಕೊತ್ತಂಬರಿಗೆ ಜಗಳವಾಡುವಷ್ಟು ಗಟ್ಟಿ.

ಶನಿವಾರ ಬೆಳಿಗ್ಗೆ ಹೋದಾಗ ಬಾಲ್ಕನಿಯ ಬಿಸಿಲಿನಲ್ಲಿ ಬಟಾಣಿ ಸುಲಿಯುತ್ತಿದ್ದರು. ವಿಷಯ ಹೇಳಿ, ಫಾರಂ ಬಿಡಿಸಿ, ಪೆನ್ನು ತೆಗೆದೆ.

"ಅಮ್ಮನ ಅಕ್ಕತಂಗಿಯರಲ್ಲಿ ಯಾರ್ಯಾರಿಗೆ ಮರೆವಿತ್ತು ಹೇಳಿ ಚಿಕ್ಕಮ್ಮ, ಬರ್ಕೊಳ್ತೀನಿ."

"ಬರೀಬೇಡ."

"ಅಂದ್ರೆ?"

"ಆ ತಾಯಿ ಕಡೆ ಕಾಲಂ ಬರೀಬೇಡ ಅಂದೆ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ನಿಮಗೇನು, ನಿಮ್ಮ ತಲೆ ನೆಟ್ಟಗಿದೆ. ನಾಳೆ ನಾನು ಪ್ರಕೃತಿ ಹೆಸರು ಮರೆತ್ರೆ ನೀವು ಬಂದು ನೆನಪಿಸ್ತೀರಾ? ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ಎಲ್ಲರ ಮುಂದೆ ಅಂತಿದ್ದದ್ದು ನೀವೇ ಅಲ್ವಾ?"

"ಅನ್ನಬೇಕಿತ್ತು, ಅಂತಿದ್ದೆ." ಬಟಾಣಿಯ ತಟ್ಟೆಯನ್ನು ಕೆಳಗಿಟ್ಟರು. "ನೀನು ಅಕ್ಕನ ಹೊಟ್ಟೇಲಿ ಹುಟ್ಟಿದೋಳಲ್ಲ ಧಾರಿಣಿ. ನನ್ನ ಹೊಟ್ಟೇಲಿ ಹುಟ್ಟಿದೋಳು."

ಆಮೇಲೆ ಎಲ್ಲ ಹೇಳಿದರು. ನಾನು ಹುಟ್ಟಿದಾಗ ಇಬ್ಬರು ಅಣ್ಣತಮ್ಮಂದಿರ ಸಂಸಾರವೂ ಆರ್.ಕೆ.ಪುರಂನ ಒಂದೇ ಕ್ವಾರ್ಟರ್ಸಿನಲ್ಲಿತ್ತು. ಅಮ್ಮನಿಗೆ ಹನ್ನೆರಡು ವರ್ಷ ಮಕ್ಕಳಿರಲಿಲ್ಲ. ಚಿಕ್ಕಮ್ಮನಿಗೆ ಅನೀಶ ಆಗಲೇ ಇದ್ದ. ಹನ್ನೊಂದನೆಯ ದಿನ ನನ್ನನ್ನು ತೊಟ್ಟಿಲಿಗೆ ಹಾಕುವ ಬದಲು ಅಮ್ಮನ ಮಡಿಲಿಗೆ ಹಾಕಿದರು. ಯಾರೂ ಯಾವತ್ತೂ ಬಾಯಿ ಬಿಡಬಾರದು ಎಂದು ನಾಲ್ವರೂ ದೀಪ ಮುಟ್ಟಿ ಆಣೆ ಮಾಡಿದರು.

"ಭಾವನೋರೂ ಹೋದ್ರು, ನಿನ್ನ ಚಿಕ್ಕಪ್ಪನೂ ಹೋದ್ರು, ಅಕ್ಕನೂ ಹೋದ್ಲು. ನೀನು ನೋಡಿದ್ರೆ ಇಲ್ಲದ ಕಾಯಿಲೆಗೆ ಹೆದರಿ ಸೊರಗ್ತಿದ್ದೀಯ. ನನ್ನ ಆಣೆ ದೊಡ್ಡದಾ? ಅವಳ ವಂಶದ ಮರೆವು ನಿನ್ನ ರಕ್ತದಲ್ಲಿಲ್ಲ, ನಿನ್ನ ಮಗಳ ರಕ್ತದಲ್ಲೂ ಇಲ್ಲ. ನಿಂಗೆ ಬಂದ್ರೆ ನನ್ನ ಬಿ.ಪಿ. ಬರುತ್ತೆ. ಉಪ್ಪು ಕಮ್ಮಿ ತಿನ್ನು."

ಪ್ರಕೃತಿ ಪಾರಾದಳು ಎಂದು ಒಂದು ಸಲ ಉಸಿರು ಬಿಟ್ಟೆ. ಅಷ್ಟೇ. ಆಮೇಲೆ ಬಂದದ್ದು ನೆಮ್ಮದಿಯಲ್ಲ. ಅಮ್ಮ ಇನ್ನೊಂದು ಸಲ ಸತ್ತಳು ಅನಿಸಿತು. ಅವಳ ಮೂಗು ನನಗೆ ಬಂದಿದೆ, ಅವಳ ಗುಂಗುರು ಕೂದಲು ಬಂದಿದೆ ಎಂದು ಕನ್ನಡಿಯಲ್ಲಿ ನೋಡಿಕೊಂಡದ್ದೆಲ್ಲ ಯಾರದೋ ಆಸ್ತಿಯಾಯಿತು.

"ಹಾಗಾದ್ರೆ ಅವಳದ್ದು ಅಂತ ನನ್ನ ಹತ್ರ ಏನೂ ಇಲ್ವಾ? ಆ ದರಿದ್ರ ಕಾಯಿಲೆ ಕೂಡ ಇಲ್ವಾ?"

ಚಿಕ್ಕಮ್ಮ ನನ್ನ ಕೈಯಿಂದ ಪೆನ್ನು ತೆಗೆದು ಮುಚ್ಚಳ ಹಾಕಿದರು.

"ತಲೆ ಕೆಟ್ಟ ಮೇಲೆ ಯಾವತ್ತಾದ್ರೂ ಅವಳು ಇದನ್ನ ಹೇಳಿದ್ಲಾ? ನಾನು ಅವಳ ಮಗಳಲ್ಲ ಅಂತ?"

"ಇಲ್ಲ ಕಣೆ. ಅದನ್ನೂ ಮರೆತಿದ್ಲು." ಸೆರಗಿನಿಂದ ಮುಖ ಒರೆಸಿಕೊಂಡರು. "ಹೋಗೋಕೆ ಒಂದು ವರ್ಷ ಮುಂಚೆ ನೋಡೋಕೆ ಬಂದಿದ್ದೆ. ನೀನು ಪಾಠ ಮಾಡೋಕೆ ಸ್ಕೂಲಿಗೆ ಹೋಗಿದ್ದೆ. ನಾನು ಯಾರು ಅಂತ ಗೊತ್ತಾಗ್ಲಿಲ್ಲ ಅವಳಿಗೆ. ಹತ್ರ ಕೂರಿಸ್ಕೊಂಡು, 'ನೋಡಮ್ಮ, ನನ್ನ ಧಾರಿಣಿ ಹುಟ್ಟೋವಾಗ ಎರಡು ದಿನ ನೋವು ತಿಂದೆ, ಆಸ್ಪತ್ರೆ ಗೋಡೆ ಪರಚಿದೆ' ಅಂದ್ಲು. ಎರಡು ದಿನ ನೋವು ತಿಂದಿದ್ದು ನಾನು. ಗೋಡೆ ಪರಚಿದ್ದು ನಾನು. ಪಕ್ಕದಲ್ಲಿ ನಿಂತು ಬೆನ್ನು ಸವರಿದೋಳು ಅವಳು."

"ನೀವೇನಂದ್ರಿ?"

"ಏನನ್ಲಿ? ಪಾಪ, ತುಂಬಾ ಕಷ್ಟ ಪಟ್ರಿ ಅಂದೆ. 'ಹೂಂ, ಆದ್ರೆ ಹುಡುಗಿ ಬಂಗಾರ' ಅಂದ್ಲು."

ನಾನು ಅಲ್ಲೇ ಬಿಸಿಲಿನಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತೆ. ನನ್ನನ್ನು ಹೆತ್ತವರ ಮೊಣಕಾಲು ಹಿಡಿದುಕೊಂಡು, ನಾಚಿಕೆಯಿಲ್ಲದೆ, "ನಂಗೆ ಅಮ್ಮ ಬೇಕು ಚಿಕ್ಕಮ್ಮ" ಎಂದೆ.

ಅವರು ನನ್ನ ಬೆನ್ನ ಮೇಲೆ ಕೈಯಿಟ್ಟರು. "ಗೊತ್ತು ಕಣೆ. ಅವಳೇ ಅಮ್ಮ ಆಗ್ಲಿ ಅಂತಾನೇ ಕೊಟ್ಟಿದ್ದು" ಎಂದರು.